ಸೋಂಬೇರಿಯ ವೇಗ

ಮಗಳು ಬರೆದುಕೊಟ್ಟ ಚೀಟಿಯಲ್ಲಿ ಐದು ಸಾಲುಗಳಿದ್ದವು. ಅದರಲ್ಲಿ ನಾಲ್ಕನ್ನು ನಾನು ಅಚ್ಚುಕಟ್ಟಾಗಿ ಪಾಲಿಸಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತಾ ಹೋದಂತೆ ನಿಮಗೆ ನನ್ನ ಮೇಲೆ ಸಿಟ್ಟು ಬರುತ್ತದೆ, ಆಗ ಆ ನಾಲ್ಕು ಸಾಲನ್ನು ಯಾರೂ ನೆನೆಸಿಕೊಳ್ಳುವುದಿಲ್ಲ.

ನಾನು ಹ್ಯಾಚರಿಯಲ್ಲಿ ಮರಿ ಆರಿಸುವವನು. ಮೊಟ್ಟೆಯೊಡೆದು ಒಂದು ದಿನವೂ ಆಗದ ಕೋಳಿಮರಿಗಳು ಟ್ರೇ ತುಂಬ ಬರುತ್ತವೆ. ಒಂದೊಂದನ್ನೇ ಎತ್ತಿ, ದೀಪದ ಕೆಳಗೆ ರೆಕ್ಕೆ ಬಿಡಿಸಿ, ಗರಿಗಳ ಉದ್ದ ನೋಡಿ, ಹೆಣ್ಣಾದರೆ ಬಲಕ್ಕೆ, ಗಂಡಾದರೆ ಎಡಕ್ಕೆ ಹಾಕಬೇಕು. ಹೆಣ್ಣಾಗಿದ್ದರೂ ಕಾಲು ಸೊಟ್ಟಗಿದ್ದರೆ, ಹೊಕ್ಕುಳು ಒಣಗದಿದ್ದರೆ, ಕಣ್ಣು ಮುಚ್ಚಿಕೊಂಡು ಮಂಕಾಗಿ ಕೂತಿದ್ದರೆ ಎಡಕ್ಕೇ. ಬಲಗಡೆಯವು ಲಾರಿ ಹತ್ತುತ್ತವೆ. ಎಡಗಡೆಯವು ಎಲ್ಲಿಗೆ ಹೋಗುತ್ತವೆ ಎಂದು ಮಗಳು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಳು, ನಾನು ಮಾತು ತಪ್ಪಿಸಿದ್ದೆ. ಹದಿನಾರು ವರ್ಷದಿಂದ ಇದೇ ಕೆಲಸ. ಗಂಟೆಗೆ ಸಾವಿರಕ್ಕೂ ಹೆಚ್ಚು ಮರಿ ನನ್ನ ಕೈಮೇಲೆ ಹೋಗುತ್ತವೆ, ತಪ್ಪುವುದು ನೂರಕ್ಕೆ ಒಂದೂ ಇಲ್ಲ. ನನ್ನ ಪಕ್ಕದಲ್ಲಿ ಕೂರುವ ದೊಡ್ಡಕ್ಕ, ಅಂದರೆ ನಮ್ಮಲ್ಲೆಲ್ಲ ಹಳಬಳಾದ ಹೆಂಗಸು, ಇಡೀ ಹ್ಯಾಚರಿಯಲ್ಲಿ ನನ್ನಂಥ ಕಣ್ಣು ಇನ್ನೊಬ್ಬರಿಗಿಲ್ಲ ಎನ್ನುತ್ತಾಳೆ. ನನ್ನಂಥ ಬಾಯಿಯೂ ಇನ್ನೊಬ್ಬರಿಗಿಲ್ಲ ಎಂದೂ ಸೇರಿಸುತ್ತಾಳೆ.

ಮಗಳ ಅಮ್ಮ ನನ್ನನ್ನು ಬಿಟ್ಟು ಮೂರು ವರ್ಷವಾಯಿತು. ನಾನು ಕುಡಿಯುವವನಲ್ಲ, ಹೊಡೆಯುವವನಲ್ಲ, ಸುಳ್ಳು ಹೇಳುವವನೂ ಅಲ್ಲ. ನನ್ನ ಮೇಲಿನ ಆರೋಪವೆಲ್ಲ ಒಂದೇ ಶಬ್ದದಲ್ಲಿತ್ತು: ಅಧಿಕಪ್ರಸಂಗಿ. ಅವಳು ಗೋಡೆಯ ಮೇಲೆ ಗುರುತು ಹಾಕಿ ಇಲ್ಲಿಗೆ ಒಂದು ಹಲಗೆ ಹೊಡೆ ಎಂದರೆ, ನಾನು ನಾಲ್ಕು ಬೆರಳು ಮೇಲಕ್ಕೆ ಹೊಡೆಯುತ್ತಿದ್ದೆ. ಅಲ್ಲಿ ಕಿಟಕಿಯ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಅವಳ ಕೈ ಅಲ್ಲಿಗೆ ಎಟುಕುತ್ತಿರಲಿಲ್ಲ, ಅದು ಬೇರೆ ಮಾತು. ಹನ್ನೊಂದು ವರ್ಷ ಅವಳು ಸ್ಟೂಲು ಹಾಕಿಕೊಂಡು ಹತ್ತಿ ಇಳಿದಳು, ಆಮೇಲೆ ಒಂದು ದಿನ ಇಳಿದವಳು ಹಾಗೇ ಹೊರಟುಹೋದಳು.

ಎರಡು ವಾರಕ್ಕೊಂದು ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಗಳು ನನ್ನವಳು. ಹೆಸರು ಹಿಡಿದು ಕರೆದು ನನಗೆ ಅಭ್ಯಾಸವಿಲ್ಲ, ಹುಟ್ಟಿದಾಗಿನಿಂದ ಗುಬ್ಬಿ. ಮೊದಲ ವರ್ಷ ಈ ಭಾನುವಾರಗಳು ನಮಗಿಬ್ಬರಿಗೂ ಹಿಂಸೆಯಾಗಿದ್ದವು. ಪಾರ್ಕಿನ ಬೆಂಚಿನ ಮೇಲೆ ಕೂತು ಇಬ್ಬರೂ ಗಡಿಯಾರ ನೋಡಿಕೊಳ್ಳುತ್ತಿದ್ದೆವು. ಆಮೇಲೆ ಅವಳು ಒಂದು ಆಟ ಹಿಡಿದಳು. ಅಂಗೈಯಗಲದ ಯಂತ್ರದಲ್ಲಿ ಆಡುವಂಥದ್ದು. ಕಾಡು ಮೇಡು ಅಲೆದು ಪ್ರಾಣಿಗಳನ್ನು ಹಿಡಿಯಬೇಕು, ಮೊಟ್ಟೆ ಇಡಿಸಬೇಕು, ಮರಿಗಳನ್ನು ಪಳಗಿಸಬೇಕು, ನಾಲ್ಕನ್ನು ಆರಿಸಿಕೊಂಡು ಇನ್ನೊಬ್ಬರ ನಾಲ್ಕರ ಜೊತೆ ಕಾದಾಡಿಸಬೇಕು. ಅಮ್ಮನ ಮನೆಯಲ್ಲಿ ಆಟದ ಯಂತ್ರಕ್ಕೆ ಪ್ರವೇಶವಿಲ್ಲ, ಹಾಗಾಗಿ ಅದು ನನ್ನ ಕೋಣೆಯಲ್ಲೇ ಇರುತ್ತಿತ್ತು. ಭಾನುವಾರ ಅವಳು ಆಡುವುದು, ನಡುವಿನ ಹದಿಮೂರು ದಿನ ಅವಳು ಹೇಳಿದಂತೆ ನಾನು ಮರಿಗಳನ್ನು ಬೆಳೆಸುವುದು. ಹೀಗೆ ಅಪ್ಪ ಮಗಳಿಗೆ ಮಾತಾಡಲು ಒಂದು ವಿಷಯ ಸಿಕ್ಕಿತು. ನನಗೆ ಅದು ಆಟವಾಗಿರಲಿಲ್ಲ. ಸಂಜೆ ಕೆಲಸ ಮುಗಿಸಿ ಬಂದು, ಕೈ ತೊಳೆದು, ಆ ಯಂತ್ರ ಹಿಡಿದು ಕೂತರೆ ಮಗಳು ಪಕ್ಕದಲ್ಲೇ ಕೂತಷ್ಟು ಸಮಾಧಾನ.

ಈ ಸಲ ಅವಳಿಗೆ ಹನ್ನೆರಡು ತುಂಬಿತು. ಹನ್ನೆರಡು ತುಂಬಿದ ಮೇಲೆ ಮಗುವನ್ನೇ ಕೇಳಿ ಭೇಟಿಯ ದಿನಗಳನ್ನು ಮತ್ತೆ ಬರೆಯಬೇಕೆಂದು ಕೋರ್ಟಿನ ಕಾಗದದಲ್ಲಿತ್ತು. ಅದಕ್ಕೆ ಕೋರ್ಟಿನ ಕೌನ್ಸೆಲರ್ ಮೇಡಂ ಒಂದು ಮಂಗಳವಾರ ಗೊತ್ತು ಮಾಡಿದರು. ಆ ಮಂಗಳವಾರಕ್ಕೆ ಎರಡು ದಿನ ಮೊದಲಿನ ಭಾನುವಾರ, ಆಟದ ಸಾಮಾನು ಮಾರುವ ಅಂಗಡಿಯವನು ಮಕ್ಕಳಿಗೆ ಪಂದ್ಯ ಇಟ್ಟಿದ್ದ. ಎರಡೂ ಒಂದಕ್ಕೊಂದು ಗಂಟುಬಿದ್ದದ್ದು ನನ್ನ ತಲೆಯಲ್ಲಿ ಮಾತ್ರ. ಭಾನುವಾರ ಗುಬ್ಬಿ ಗೆದ್ದರೆ ಮಂಗಳವಾರ ಅಪ್ಪ ಬೇಕು ಅನ್ನುತ್ತಾಳೆ, ಇಷ್ಟೇ ನನ್ನ ಲೆಕ್ಕಾಚಾರ.

ಎರಡು ವಾರ ಮೊದಲು ಅವಳು ಆ ಚೀಟಿ ಬರೆದುಕೊಟ್ಟಳು. ತಂಡದಲ್ಲಿ ಮೂರು ಪ್ರಾಣಿ ಆಗಲೇ ತಯಾರಾಗಿದ್ದವು, ನಾಲ್ಕನೆಯದು ಬೇಕಿತ್ತು.

"ಬಂಡೆಗಪ್ಪೆ ಬೇಕು," ಎಂದಳು. "ಮೊಟ್ಟೆಯಿಂದ ಬಂದಿರ್ಬೇಕು. ಬಲ ಜಾಸ್ತಿ ಇರ್ಬೇಕು. ವೇಗ ಸೊನ್ನೆ."

"ಸೊನ್ನೆನಾ? ಜಾಸ್ತಿ ಅಲ್ವಾ?"

"ಸೊನ್ನೆ ಅಪ್ಪ. ಸರಿಯಾಗಿ ಕೇಳಿಸ್ಕೋ."

ಆಮೇಲೆ ತಾಳ್ಮೆಯಿಂದ ವಿವರಿಸಿದಳು. ಕಾದಾಟದಲ್ಲಿ ಯಾರ ವೇಗ ಹೆಚ್ಚೋ ಅವರು ಮೊದಲು ಹೊಡೆಯುತ್ತಾರೆ. ಆದರೆ ಅವಳ ತಂಡದಲ್ಲಿ ಒಂದು ಗೂಬೆ ಇದೆ. ಅದು ಉಲ್ಟಾ ಗಡಿಯಾರ ಎಂಬ ಮಂತ್ರ ಹಾಕಿದರೆ ಐದು ಸುತ್ತು ಎಲ್ಲ ತಲೆಕೆಳಗು, ನಿಧಾನಿಯೇ ಮೊದಲು ಹೊಡೆಯುತ್ತದೆ. ಎಲ್ಲರೂ ವೇಗದ ಪ್ರಾಣಿಗಳನ್ನು ತರುತ್ತಾರೆ, ತಾನು ಎಲ್ಲಕ್ಕಿಂತ ನಿಧಾನದ್ದನ್ನು ತಂದರೆ ಅದರ ಏಟು ಯಾವಾಗಲೂ ಮೊದಲ ಏಟು. ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ತಲೆ ಓಡಿಸಿ ಕಂಡುಕೊಂಡದ್ದು ಎಂದಳು. ಚೀಟಿಯ ಐದನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು: ವೇಗಕ್ಕೆ ಏನೂ ತಿನ್ನಿಸಬಾರದು.

ಮೊಟ್ಟೆ ಒಡೆಸುವ ಕೆಲಸ ನನಗೆ ಹೇಳಿಮಾಡಿಸಿದ್ದು. ಆಟದೊಳಗೆ ಮೊಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ಅತ್ತಿತ್ತ ನಡೆಯುತ್ತಿದ್ದರೆ ಅದು ಒಡೆಯುತ್ತದೆ. ಮರಿಯ ಅಂಕಿ ನೋಡಬೇಕು. ಹುಟ್ಟಿನಿಂದ ಬಂದ ಅಂಕಿ ಹಣೆಬರಹವಿದ್ದಂತೆ, ಕಡಿಮೆ ಮಾಡಲು ಬರುವುದಿಲ್ಲ, ಮೇವು ತಿನ್ನಿಸಿ ಏರಿಸಬಹುದು ಅಷ್ಟೆ. ಬೇಡದ ಮರಿಗೆ 'ಕಾಡಿಗೆ ಬಿಡು' ಎಂಬ ಗುಂಡಿ ಇದೆ. ಒತ್ತಿದರೆ ಮರಿ ತಿರುಗಿ ನಿಂತು ಕೈ ಬೀಸಿ ಹೋಗುತ್ತದೆ. ಮೊದಲ ಸಲ ಅದು ಕೈ ಬೀಸಿದಾಗ ನನಗೆ ಒಂಥರಾ ಆಯಿತು. ನನ್ನ ಕೆಲಸದಲ್ಲಿ ಯಾವುದೂ ಕೈ ಬೀಸುವುದಿಲ್ಲ.

ಸಂಜೆಗಳಲ್ಲಿ, ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಒಟ್ಟು ಇನ್ನೂರ ಹನ್ನೆರಡು ಮೊಟ್ಟೆ ಒಡೆಸಿದೆ. ಒಂದಕ್ಕೆ ಬಲ ಇದ್ದರೆ ವೇಗ ಹನ್ನೊಂದು, ಇನ್ನೊಂದಕ್ಕೆ ವೇಗ ಎರಡಿದ್ದರೆ ಬಲವೇ ಇಲ್ಲ. ದೊಡ್ಡಕ್ಕ ಇಣುಕಿ ನೋಡಿ, "ಇಲ್ಲಿ ಆರ್ಸಿದ್ದು ಸಾಲ್ದು ಅಂತ ಅಲ್ಲೂ ಆರಿಸ್ತೀಯಲ್ಲ ಮಹರಾಯ, ನಿಂಗೇನು ಹುಚ್ಚಾ?" ಎಂದಳು. ಮಗಳ ಕೆಲಸ ಎಂದೆ. ತನ್ನ ಟ್ರೇ ಕಡೆ ತಿರುಗಿದಳು.

ಇನ್ನೂರ ಹನ್ನೆರಡನೆಯದು ಒಡೆಯಿತು. ಬಲ ತುಂಬ ಚೆನ್ನಾಗಿತ್ತು. ವೇಗ ಸೊನ್ನೆ. ಬೆನ್ನ ಮೇಲೆ ಒಂದು ಕಲ್ಲು ಹೊತ್ತ ಕಂದು ಬಣ್ಣದ ಕಪ್ಪೆ, ಕಣ್ಣು ಅರ್ಧ ಮುಚ್ಚಿಕೊಂಡೇ ಹೊರಗೆ ಬಂದು ಆಕಳಿಸಿತು. ಪ್ರತಿ ಬುಧವಾರ ನಮಗೆ ಸಿಗುವ ಹತ್ತು ನಿಮಿಷದ ಫೋನಿನಲ್ಲಿ ಹೇಳಿದಾಗ ಗುಬ್ಬಿ ಖುಷಿಯಿಂದ ಉಸಿರೆಳೆದುಕೊಂಡದ್ದು ಕೇಳಿಸಿತು. ಅದಕ್ಕೆ ಸೋಂಬೇರಿ ಎಂದು ಅವಳೇ ಹೆಸರಿಟ್ಟಳು.

ಆಗಲೇ ನಿಲ್ಲಿಸಬೇಕಿತ್ತು. ಪಂದ್ಯಕ್ಕೆ ಇನ್ನೂ ಹತ್ತು ದಿನ ಇತ್ತು, ಬಲದ ಮೇವು ತಿನ್ನಿಸಿ, ಕಾದಾಟ ಕಲಿಸಿ ಇಟ್ಟಿದ್ದರೆ ಮುಗಿದಿತ್ತು. ಆದರೆ ಆ ಆಟದಲ್ಲಿ ಪಳಗಿಸುವ ಪ್ರಾಣಿ ನಿಮ್ಮ ಹಿಂದೆಯೇ ನಡೆದು ಬರುತ್ತದೆ. ಬೇರೆ ಪ್ರಾಣಿಗಳೆಲ್ಲ ಕುಣಿಯುತ್ತ ಬರುತ್ತವೆ. ಸೋಂಬೇರಿ ಹತ್ತು ಹೆಜ್ಜೆಗೊಮ್ಮೆ ಹಿಂದೆ ಬಿದ್ದು, ನಿಂತು, ಕಣ್ಣು ಮುಚ್ಚುತ್ತಿತ್ತು. ನಾನು ತಿರುಗಿ ನೋಡಿದರೆ ಮಂಕಾಗಿ ಕೂತಿರುತ್ತಿತ್ತು. ಆ ಕೂರುವ ರೀತಿ ನನಗೆ ಗೊತ್ತು. ಟ್ರೇಯ ಮೂಲೆಯಲ್ಲಿ ಹಾಗೇ ಕೂರುತ್ತವೆ. ಕೈ ಯೋಚನೆಯನ್ನೇ ಮಾಡದೆ ಎತ್ತಿ ಎಡಕ್ಕೆ ಹಾಕಿಬಿಡುತ್ತದೆ.

ನಗಬೇಡಿ. ಹದಿನಾರು ವರ್ಷದಲ್ಲಿ ಒಂದೇ ಒಂದು ಮಂಕು ಮರಿಯನ್ನು ಕೈಯಲ್ಲಿ ಹಿಡಿದು, ಇರು, ನಿನ್ನನ್ನು ಸರಿಮಾಡುತ್ತೇನೆ ಅನ್ನುವ ಅವಕಾಶ ನನಗೆ ಸಿಕ್ಕಿರಲಿಲ್ಲ. ಇದೊಂದು ಸಿಕ್ಕಿತ್ತು.

ಇದಿಷ್ಟೇ ಆಗಿದ್ದರೆ ಮರುಕಕ್ಕೆ ಮಾಡಿದೆ ಎಂದು ತಪ್ಪಿಸಿಕೊಳ್ಳಬಹುದಿತ್ತು. ಜೊತೆಗೆ ನನ್ನ ಜಾಣತನವೂ ಸೇರಿಕೊಂಡಿತು. ಗೂಬೆ ಮಂತ್ರ ಹಾಕುವ ಮೊದಲೇ ಸತ್ತರೆ? ಐದು ಸುತ್ತು ಮುಗಿದು ಗಡಿಯಾರ ಸರಿಹೋದರೆ? ಆಗ ಈ ಸೊನ್ನೆ ವೇಗದ ಕಪ್ಪೆ ಹೊಡೆಸಿಕೊಳ್ಳುವ ಗೋಣಿಚೀಲ. ಮಗು ಅಷ್ಟು ದೂರ ಯೋಚಿಸಿಲ್ಲ, ಹನ್ನೆರಡು ವರ್ಷದ ತಲೆ ಎಂದುಕೊಂಡೆ. ಸ್ವಲ್ಪ ವೇಗ ಇದ್ದರೆ ಹಾಗೂ ಆಯಿತು, ಹೀಗೂ ಆಯಿತು.

ವೇಗಕ್ಕೆ ಗಾಳಿಹಣ್ಣು ಎಂದು ಒಂದು ಮೇವು ಇದೆ, ಒಂದು ಹಣ್ಣಿಗೆ ಎರಡು ಅಂಕಿ ಏರುತ್ತದೆ. ಮೊದಲ ಹಣ್ಣು ಕೊಡುವಾಗ ಯಂತ್ರ ಕೇಳಿತು: ಇದನ್ನು ಹಿಂದಕ್ಕೆ ತೆಗೆಯಲಾಗದು, ಖಂಡಿತವೇ? ಹೌದು ಒತ್ತಿದೆ. ಸೋಂಬೇರಿ ಕಣ್ಣು ಪೂರ್ತಿ ಬಿಟ್ಟಿತು. ಹುಟ್ಟಿದ ಮೇಲೆ ಅದು ಪೂರ್ತಿ ಕಣ್ಣು ಬಿಟ್ಟದ್ದು ಅದೇ ಮೊದಲು. ಮೂವತ್ತೆರಡು ಹಣ್ಣು ತಿನ್ನಿಸಿದೆ. ಯಂತ್ರ ಮೂವತ್ತೆರಡು ಸಲವೂ ಕೇಳಿತು, ನಾನು ಮೂವತ್ತೆರಡು ಸಲವೂ ಹೌದು ಎಂದೆ. ಕೊನೆಗೆ ಅದು ನನ್ನ ಹಿಂದೆ ಒಂದು ಹೆಜ್ಜೆಯೂ ತಪ್ಪದೆ ಓಡಿಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮುಂದಿನ ಬುಧವಾರ ಫೋನಿನಲ್ಲಿ ಅವಳು ಕೇಳಿದಳು, "ಸೋಂಬೇರಿ ನಾನು ಹೇಳಿದ ಹಾಗೇ ಇದೆಯಲ್ಲ?"

"ಅದಕ್ಕಿಂತ ಚೆನ್ನಾಗಿದೆ."

"ಚೆನ್ನಾಗಿ ಅಂದ್ರೆ?"

"ಭಾನುವಾರ ನೋಡು, ನಿಂಗೇ ಗೊತ್ತಾಗುತ್ತೆ."

"ಅಪ್ಪ, ಏನಾದ್ರೂ..." ಎಂದಳು, ಅಷ್ಟರಲ್ಲಿ ಹಿಂದಿನಿಂದ ಅವಳಮ್ಮ ಹತ್ತು ನಿಮಿಷ ಆಯ್ತು ಎಂದಳು. ಫೋನು ಕಟ್ಟಾಯಿತು. ಪಂದ್ಯದ ಹಿಂದಿನ ಸಂಜೆಯೊಳಗೆ ತಂಡದ ನಾಲ್ಕು ಪ್ರಾಣಿಗಳ ಪಟ್ಟಿ ಕಳಿಸಬೇಕಿತ್ತು, ಕಳಿಸಿದ ಮೇಲೆ ಬದಲಾಯಿಸುವಂತಿರಲಿಲ್ಲ. ನಾನು ಶನಿವಾರ ಮಧ್ಯಾಹ್ನವೇ ಕಳಿಸಿದೆ.

ಅಂಗಡಿಯ ಮಹಡಿಯಲ್ಲಿ ಎಂಟು ಮೇಜು, ಹದಿನಾರು ಮಕ್ಕಳು. ಮೇಜುಗಳನ್ನು ಅಡ್ಡಡ್ಡ ಇಟ್ಟಿದ್ದರು, ಉದ್ದುದ್ದ ಇಟ್ಟಿದ್ದರೆ ಓಡಾಡಲು ಜಾಗವಾಗುತ್ತಿತ್ತು. ಅಂಗಡಿಯವನಿಗೆ ಹೇಳಿದೆ. "ಆಯ್ತು ಸರ್," ಎಂದು ಆಚೆ ಹೋದ. ನಾವು ತಲುಪುವಾಗಲೇ ಹೆಸರು ಕೂಗುತ್ತಿದ್ದರು, ಗುಬ್ಬಿಗೆ ಸೋಂಬೇರಿಯನ್ನು ಬಿಡಿಸಿ ನೋಡಲು ಪುರುಸೊತ್ತಾಗಲಿಲ್ಲ. ಬಸ್ಸಿನಲ್ಲಿ ಅವಳು ಯಂತ್ರ ಕೇಳಿದ್ದಳು. ಚಾರ್ಜು ಉಳಿಯಲಿ ಎಂದು ನಾನೇ ಕೊಟ್ಟಿರಲಿಲ್ಲ.

ಮೊದಲ ಪಂದ್ಯ ಸಲೀಸಾಗಿ ಗೆದ್ದಳು, ನಾಲ್ಕನೆಯ ಪ್ರಾಣಿಯನ್ನು ಹೊರಗೆ ತರುವ ಪ್ರಮೇಯವೇ ಬರಲಿಲ್ಲ. ತಿರುಗಿ ನನ್ನನ್ನು ನೋಡಿ ನಕ್ಕಳು. ಆ ನಗು ನೋಡಿ ಮಂಗಳವಾರ ನನ್ನ ಕೈಯಲ್ಲೇ ಇದೆ ಅನ್ನಿಸಿತು.

ಎರಡನೆಯದು ಕನ್ನಡಕದ ಹುಡುಗಿಯೊಬ್ಬಳ ಜೊತೆ. ಬಿರುಸಿನ ಆಟ. ಇಬ್ಬರದೂ ಎರಡೆರಡು ಪ್ರಾಣಿ ಬಿದ್ದವು. ಗುಬ್ಬಿಯ ಗೂಬೆ ಉಲ್ಟಾ ಗಡಿಯಾರ ತಿರುಗಿಸಿ, ಎದುರಿನವಳ ಮೂರನೆಯದನ್ನು ಕೆಡವಿ ತಾನೂ ಸತ್ತುಬಿತ್ತು. ಪರದೆಯ ಬಣ್ಣ ಬದಲಾಯಿತು. ಗುಬ್ಬಿ ಕುರ್ಚಿಯ ತುದಿಗೆ ಸರಿದು ಕೂತಳು. ಎಲ್ಲ ಅವಳು ಅಂದುಕೊಂಡ ಹಾಗೇ ನಡೆದಿತ್ತು. ಸೋಂಬೇರಿಯನ್ನು ಕಣಕ್ಕೆ ಬಿಟ್ಟಳು. ಎದುರಿನವಳು ತನ್ನ ಕೊನೆಯದಾದ ಮುಳ್ಳಾಮೆ ತಂದಳು. ಅದೂ ನಿಧಾನವೇ, ಆದರೆ ಸೊನ್ನೆಯೇನಲ್ಲ. ಗುಬ್ಬಿ ಹೊಡೆ ಎಂದು ಒತ್ತಿದಳು.

ಮೊದಲು ಹೊಡೆದದ್ದು ಆಮೆ.

ಯಂತ್ರ ಕೆಟ್ಟಿದೆಯೋ ಎಂಬಂತೆ ಗುಬ್ಬಿ ಅದನ್ನು ಕಣ್ಣಿನ ಹತ್ತಿರ ಹಿಡಿದಳು. ಸೋಂಬೇರಿ ತಿರುಗಿ ಹೊಡೆಯಿತು, ಆಮೆಯ ಜೀವ ಕೂದಲೆಳೆಯಷ್ಟು ಉಳಿಯಿತು. ಮುಂದಿನ ಸುತ್ತಿನಲ್ಲಿ ಯಾರು ಮೊದಲು ಹೊಡೆಯುತ್ತಾರೋ ಅವರದೇ ಗೆಲುವು. ಮತ್ತೆ ಆಮೆಯೇ ಮೊದಲು ಹೊಡೆಯಿತು. ಸೋಂಬೇರಿ ಬಿತ್ತು. ಇನ್ನು ಗುಬ್ಬಿಯ ಹತ್ತಿರ ಯಾವುದೂ ಇರಲಿಲ್ಲ.

ಅವಳು ಅಳಲಿಲ್ಲ. ಎದುರಿನವಳ ಕೈ ಕುಲುಕಿದಳು. ಎದ್ದು ಮೆಟ್ಟಿಲ ಹತ್ತಿರ ಹೋಗಿ ಸೋಂಬೇರಿಯ ಪುಟ ಬಿಡಿಸಿದಳು. ವೇಗ ಅರವತ್ತನಾಲ್ಕು ಎಂದಿತ್ತು.

"ಯಾರು ತಿನ್ನಿಸಿದ್ದು?"

"ನಾನೇ. ಯಾಕಂದ್ರೆ ಗೂಬೆ ಮೊದ್ಲೇ ಸತ್ತುಹೋದ್ರೆ..."

"ಮೊದ್ಲೇ ಸಾಯ್ಲಿಲ್ಲ."

"ಸತ್ತಿದ್ರೆ ಅಂತ ಹೇಳ್ತಿದೀನಿ. ಆಗ ಇದು ಸುಮ್ನೆ ಏಟು ತಿಂತಿತ್ತು. ಒಂದು ಸ್ವಲ್ಪ ವೇಗ ಇದ್ರೆ..."

"ಚೀಟೀಲಿ ಬರೆದಿದ್ದೆ. ಎರಡು ಗೆರೆ ಎಳೆದಿದ್ದೆ."

"ನೋಡಿದೆ ಗುಬ್ಬಿ."

"ಸರಿ," ಎಂದಳು.

ಆ 'ಸರಿ' ನನಗೆ ಚೆನ್ನಾಗಿ ಗೊತ್ತು. ಅವಳಮ್ಮ ಸ್ಟೂಲಿನ ಮೇಲಿಂದ ಹೇಳುತ್ತಿದ್ದದ್ದು ಅದೇ ಧ್ವನಿಯಲ್ಲಿ. ನಾನು ಅಲ್ಲಿಗಾದರೂ ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು. ಬದಲಿಗೆ ಅಂಗಡಿಯವನ ಹತ್ತಿರ ಹೋಗಿ, ತಂಡವನ್ನು ಹಿಂದಿನ ದಿನವೇ ಕಳಿಸಬೇಕೆಂಬ ನಿಯಮ ತಪ್ಪು, ಮಕ್ಕಳಿಗೆ ಬೆಳಿಗ್ಗೆ ತಿದ್ದಿಕೊಳ್ಳಲು ಅರ್ಧ ಗಂಟೆ ಕೊಡಬೇಕು, ಈ ಪಂದ್ಯ ಇನ್ನೊಮ್ಮೆ ಆಡಿಸಿ ಎಂದು ವಾದಕ್ಕೆ ನಿಂತೆ. ಹದಿನೈದು ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಆಟ ನಿಲ್ಲಿಸಿ ನೋಡಿದರು. ತಿರುಗಿ ನೋಡಿದರೆ ಗುಬ್ಬಿ ಮೆಟ್ಟಿಲಿಳಿದು ಹೋಗಿದ್ದಳು. ಬೀದಿಯಲ್ಲಿ, ಮುಚ್ಚಿದ ಅಂಗಡಿಯೊಂದರ ಶಟರಿಗೆ ಒರಗಿ ನಿಂತಿದ್ದಳು.

ಕೋಣೆಗೆ ಬಂದ ಮೇಲೆ ಅವಳು ಯಂತ್ರ ಬಿಡಿಸಿ ಸೋಂಬೇರಿಯನ್ನು ನೋಡುತ್ತ ಕೂತಳು. ಕಾಡಿಗೆ ಬಿಡುತ್ತಾಳೇನೋ ಎಂದು ನನಗೆ ಹೆದರಿಕೆಯಾಯಿತು. ಬಿಡಲಿಲ್ಲ. "ಪಾಪ, ಇದೇನು ಮಾಡುತ್ತೆ," ಎಂದು ಆಟದೊಳಗಿನ ಪೆಟ್ಟಿಗೆಯ ಕೊನೆಯ ಖಾನೆಯಲ್ಲಿ ಇಟ್ಟಳು. ಮೂರು ಗಂಟೆಗೆ, ಹೋಮ್‌ವರ್ಕ್ ಇದೆ, ಹೋಗ್ತೀನಿ ಎಂದಳು. ಬಸ್‌ಸ್ಟಾಪಿನವರೆಗೂ ನಾನು ವಿವರಣೆ ಕೊಡುತ್ತಲೇ ಹೋದೆ. ಮುಂದಿನ ಸಲ ಎರಡು ಕಪ್ಪೆ ಬೆಳೆಸೋಣ, ಒಂದು ನಿಧಾನದ್ದು, ಒಂದು ವೇಗದ್ದು ಎಂದೆ. ಅವಳು ಹೂಂ ಎಂದಳು. ಆ ದಿನ ನಾನು ತಪ್ಪಾಯಿತು ಅನ್ನಲಿಲ್ಲ. ಬಸ್ಸು ಹೋದಮೇಲೆ ನೆನಪಾಯಿತು.

ಸೋಮವಾರ ಟ್ರೇಗಳ ಮುಂದೆ ಕೂತು ದೊಡ್ಡಕ್ಕನಿಗೆ ಎಲ್ಲ ಹೇಳಿದೆ. ಅವಳು ಮರಿಯ ರೆಕ್ಕೆಯಿಂದ ಕಣ್ಣು ತೆಗೆಯದೆ, "ನಾಳೆ ಅಲ್ಲಿ ಅವರೇನು ಬರೆದ್ರೂ ಹೂಂ ಅನ್ನು. ಹೂಂ ಅಂತ ಒಂದೇ ಮಾತು. ನಿನ್ನ ಕೈಲಾಗುತ್ತಾ?" ಎಂದಳು. ಆಗದೆ ಏನು ಎಂದೆ.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಕೌನ್ಸೆಲರ್ ಮೇಡಂ ಕೋಣೆಯ ಹೊರಗೆ ಮೂರು ಕುರ್ಚಿ. ಮಗಳು ಒಳಗೆ ಹೋದಳು. ಅವಳಮ್ಮ ಒಂದು ಕುರ್ಚಿ ಬಿಟ್ಟು ಕೂತಿದ್ದಳು. ಭಾನುವಾರ ಬೇಗ ಬಂದ್ಲು, ಏನಾಯ್ತು ಅಂತ ಕೇಳಿದ್ರೆ ಏನೂ ಇಲ್ಲ ಅಂದ್ಲು ಎಂದಳು. ನನ್ನ ಮಗಳು ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ಇಪ್ಪತ್ತು ನಿಮಿಷ ಕಳೆದು ನಮ್ಮನ್ನೂ ಒಳಗೆ ಕರೆದರು.

ಮೇಡಂ ಕಾಗದ ನೋಡಿಕೊಂಡು ಹೇಳಿದರು. "ನೋಡಿ, ಭಾನುವಾರ ಇನ್ಮೇಲೆ ಅವಳಿಗೆ ಟ್ಯೂಷನ್ ಶುರುವಾಗುತ್ತೆ. ಭೇಟಿ ಬೇಡ, ಫೋನ್ ಸಾಕೇನೋ ಅಂತ ತಾಯಿ ಕಡೆಯಿಂದ ಸಲಹೆ ಬಂದಿತ್ತು. ಅವಳು ಒಪ್ಲಿಲ್ಲ. ಅಪ್ಪನ್ನ ನೋಡ್ಲೇಬೇಕು ಅಂದ್ಲು. ತಿಂಗಳ ಮೊದಲನೇ ಭಾನುವಾರ, ಹನ್ನೊಂದರಿಂದ ಒಂದು ಗಂಟೆವರೆಗೆ, ಅಪ್ಪನ ಮನೇಲಿ. ದಿನ, ಗಂಟೆ ಎಲ್ಲ ಅವಳೇ ಹೇಳಿ ಬರೆಸಿದ್ದು. ನಿಮ್ಗೆ ಒಪ್ಪಿಗೆ ತಾನೆ?"

ಹೂಂ ಅನ್ನಬೇಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಗುಬ್ಬಿ ನನ್ನನ್ನೇ ನೋಡುತ್ತಿದ್ದಳು, ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಅವಳು ಅಮ್ಮನ ಜೊತೆ ಜಗಳವಾಡಿ, ಟ್ಯೂಷನ್ನಿನ ನಡುವೆ ಕೂಡಿಸಿ ಕಳೆದು, ನನಗಾಗಿ ಎರಡು ಗಂಟೆ ಉಳಿಸಿಕೊಂಡು ಬಂದಿದ್ದಳು.

"ಎರಡು ಗಂಟೇಲಿ ಏನಾಗುತ್ತೆ ಮೇಡಂ?" ಎಂದೆ. "ಬರೋಕೆ ಮುಕ್ಕಾಲು ಗಂಟೆ, ಹೋಗೋಕೆ ಮುಕ್ಕಾಲು ಗಂಟೆ. ಮಗೂಗೆ ಸುಸ್ತು. ನಂದೊಂದು ಮಾತು ಕೇಳಿ. ವರ್ಷಕ್ಕೆ ಹನ್ನೆರಡು ಸಲ ಎರಡೆರಡು ಗಂಟೆ ಅಂದ್ರೆ ಇಪ್ಪತ್ನಾಲ್ಕು ಗಂಟೆ. ಅದರ ಬದ್ಲು ಮೂರು ತಿಂಗಳಿಗೆ ಒಂದ್ಸಲ ಆರು ಗಂಟೆ ಇಟ್ರೆ, ಅದೂ ಇಪ್ಪತ್ನಾಲ್ಕೇ. ಓಡಾಟ ಉಳಿಯುತ್ತೆ, ಟ್ಯೂಷನ್ನೂ ತಪ್ಪಲ್ಲ. ಕೊಡಿ, ಬರೆದು ತೋರಿಸ್ತೀನಿ."

ಮೇಡಂ ಮುಂದಿದ್ದ ಪೆನ್ನು ತೆಗೆದುಕೊಂಡು ಅವರ ಕಾಗದದ ಅಂಚಿನಲ್ಲೇ ನಾಲ್ಕು ಚೌಕ ಹಾಕಿ ತಿಂಗಳ ಹೆಸರು ಬರೆದೆ. "ನೋಡು ಗುಬ್ಬಿ, ನೀನು ಹೇಳಿದ್ದೇ ಇದು. ಸ್ವಲ್ಪ ಸರಿಮಾಡಿದೀನಿ ಅಷ್ಟೆ."

ಅವಳಮ್ಮ ಕಣ್ಣು ಮುಚ್ಚಿಕೊಂಡಳು.

ಗುಬ್ಬಿ ನಾನು ಬರೆದು ಮುಗಿಸುವವರೆಗೂ ಕಾದಳು. ಆಮೇಲೆ, "ಮೇಡಂ, ಅದನ್ನ ಹೊಡೆದುಹಾಕಿ," ಎಂದಳು.

"ಅಪ್ಪ ಬರೆದದ್ದನ್ನಾ?"

"ಎಲ್ಲಾನೂ. ನಾನು ಹೇಳಿದ್ದೂ ಬೇಡ. ಅಮ್ಮ ಹೇಳಿದ ಹಾಗೆ ಫೋನೇ ಸಾಕು."

"ಅವಸರ ಬೇಡಮ್ಮ, ಯೋಚ್ನೆ ಮಾಡು."

"ಮಾಡಿದೀನಿ ಮೇಡಂ."

ನಾನು ಪೆನ್ನು ಕೆಳಗಿಟ್ಟೆ. "ಬೇಡ ಬೇಡ, ಎರಡು ಗಂಟೇನೇ ಇರ್ಲಿ ಗುಬ್ಬಿ. ನೀನು ಹೇಳಿದ ಹಾಗೇ ಇರ್ಲಿ. ಸುಮ್ನೆ ಹೇಳ್ದೆ ಅಷ್ಟೆ. ಒಂದು ಗಂಟೆ ಆದ್ರೂ ಸರಿ. ತಪ್ಪಾಯ್ತು. ಭಾನುವಾರದ್ದೂ ತಪ್ಪಾಯ್ತು."

ಅವಳು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಮಾಧಾನ ಮಾಡಬಹುದಿತ್ತು.

"ಬೇಜಾರು ಮಾಡ್ಕೋಬೇಡ ಅಪ್ಪ. ನಾನು ಹೇಳಿದ್ದು ನಿಂಗೆ ಕೇಳಿಸಲ್ಲ ಅಂತ ಮೊದ್ಲು ಅಂದ್ಕೊಂಡಿದ್ದೆ. ಆದ್ರೆ ಎಲ್ಲಾ ಕೇಳಿಸುತ್ತೆ. ಕೇಳಿಸ್ಕೊಂಡು, ಅದಕ್ಕಿಂತ ಒಳ್ಳೇದು ಏನೋ ಒಂದು ಮಾಡ್ತೀಯ. ಪ್ರತಿ ಸಲಾನೂ ನಾನು ಏನೂ ಹೇಳೇ ಇಲ್ವೇನೋ ಅನ್ಸುತ್ತೆ ನಂಗೆ."

ನನ್ನ ಹತ್ತಿರ ಉತ್ತರವಿತ್ತು. ಹಾಗಲ್ಲ, ನಿನ್ನ ಒಳ್ಳೆಯದಕ್ಕೇ ಎಂದು ಶುರುವಾಗುವ ಉತ್ತರ, ಅವಳಮ್ಮನಿಗೆ ಹನ್ನೊಂದು ವರ್ಷ ಕೊಟ್ಟದ್ದು. ಬಾಯಿ ತೆರೆದೆ, ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮುಚ್ಚಿದೆ.

ಮೇಡಂ ಸ್ಕೇಲು ಇಟ್ಟು ಆ ಸಾಲುಗಳ ಮೇಲೆ ಗೆರೆ ಎಳೆದರು. ನನ್ನ ನಾಲ್ಕು ಚೌಕಗಳ ಮೇಲೂ ಎಳೆದರು. ಕೆಳಗೆ ಹೊಸದಾಗಿ ಬರೆದದ್ದನ್ನು ಓದಿ ಹೇಳಿದರು: ಬುಧವಾರ, ಫೋನಿನಲ್ಲಿ ಹತ್ತು ನಿಮಿಷ, ಮಗುವಿಗೆ ಇಷ್ಟವಿದ್ದರೆ. ಭೇಟಿ ಇಲ್ಲ. ಮುಂದಿನ ಪರಿಶೀಲನೆ ಎರಡು ವರ್ಷದ ನಂತರ.

"ಏನಾದ್ರೂ ಬದಲಾಯಿಸೋದಿದ್ಯಾ?" ಎಂದು ನನ್ನನ್ನು ಕೇಳಿದರು. ಎಲ್ಲರನ್ನೂ ಕೇಳುವ ಪ್ರಶ್ನೆ ಅದು, ಪದ್ಧತಿಯಂತೆ ಕೇಳಿದರು. ಗುಬ್ಬಿಯ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು. ನನ್ನ ಮಗಳು ಇನ್ನೆರಡು ವರ್ಷ ಸಿಗದಂತೆ ಬರೆದ ಕಾಗದ ಅದು. ಬದಲಾಯಿಸಬೇಕಾದ್ದು ಅದಲ್ಲದೆ ಇನ್ನೇನಿತ್ತು.

ಇಲ್ಲ ಎಂದೆ. ಮೇಡಂ ಬೆರಳಿಟ್ಟು ತೋರಿಸಿದ ಜಾಗದಲ್ಲಿ, ಅವಳು ಹೇಳಿದ್ದಕ್ಕೆ ಒಂದಕ್ಷರವನ್ನೂ ಸೇರಿಸದೆ, ಸಹಿ ಹಾಕಿದೆ.